ಮಕ್ಕಳ ಕಾಮಾಲೆಯೂ ಪಿತ್ತಾಮ್ಲದ ಔಷಧಿಯೂ

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ದಂಪತಿಗಳೇ, ಮಗುವಿನ ಕಣ್ಣು ಹಳದಿಯಾದೊಡನೆ ನಿಮ್ಮಲ್ಲಿ ಏಳುವ ಮೊದಲ ಪ್ರಶ್ನೆ ಔಷಧಿ ಯಾವುದೆಂಬುದು. ಕೆಲವರು ಹಿತ್ತಲಿನ ನೆಲನೆಲ್ಲಿಯನ್ನು ಅರೆದು ಕುಡಿಸುತ್ತಾರೆ. ಮತ್ತೆ ಕೆಲವರು, ನೆರೆಮನೆಯ ಮಗುವಿಗೆ ವೈದ್ಯರು ಬರೆದುಕೊಟ್ಟಿದ್ದ ಅರ್ಸೋಡಿಆಕ್ಸಿಕೋಲಿಕ್ ಆಮ್ಲವೆಂಬ ಔಷಧಿಯನ್ನು ಅಂಗಡಿಯಲ್ಲಿ ಕೇಳಿ ತರುತ್ತಾರೆ. ಈ ಔಷಧಿಯಿಂದ ಏನು ಸಾಧ್ಯ, ಏನು ಅಸಾಧ್ಯವೆಂಬುದನ್ನು ತಿಳಿಯುವುದು ಅವಶ್ಯಕ.

ಕಾಮಾಲೆಯು ಯಕೃತ್ತು ಬಳಲಿರುವುದರ ಕುರುಹು. ಮಕ್ಕಳಲ್ಲಿ ಇದಕ್ಕೆ ಬಹುಮಟ್ಟಿಗೆ ಕಾರಣವಾಗುವುದು ಹೆಪಟೈಟಿಸ್ ‘ಎ’ ವೈರಾಣು. ರೋಗಿಯ ಮಲದೊಡನೆ ಹೊರಬಿದ್ದ ಈ ವೈರಾಣು ನೀರು, ಆಹಾರ ಮತ್ತು ತೊಳೆಯದ ಕೈಗಳ ಮೂಲಕ ಇನ್ನೊಬ್ಬರ ಬಾಯಿಯನ್ನು ಸೇರುತ್ತದೆ. ಸೇರಿದ 15ರಿಂದ 50 ದಿನಗಳಲ್ಲಿ ಜ್ವರ, ವಾಂತಿ, ಅರುಚಿ ತೋರಿ, ಮೂತ್ರವು ಹಾಲು ಬೆರೆಸದ ಚಹದ ಬಣ್ಣಕ್ಕೆ ತಿರುಗುತ್ತದೆ. ಈ ವೈರಾಣುವನ್ನು ಕೊಲ್ಲುವ ಔಷಧಿ ಇಂದಿಗೂ ಇಲ್ಲ. ಮಗುವಿನ ದೇಹವೇ ಅದನ್ನು ಹೊರದೂಡುತ್ತದೆ. ಹೆಚ್ಚಿನ ಮಕ್ಕಳು ಎರಡು ತಿಂಗಳೊಳಗೆ ಪೂರ್ಣ ಗುಣ ಹೊಂದುತ್ತಾರೆ. ಆದುದರಿಂದಲೇ ಆ ಅವಧಿಯಲ್ಲಿ ಯಾವ ಮದ್ದನ್ನು ಕೊಟ್ಟಿದ್ದರೂ ಕೀರ್ತಿ ಆ ಮದ್ದಿಗೇ ಸಲ್ಲುತ್ತದೆ!

ಕೊಬ್ಬನ್ನು ಜೀರ್ಣಿಸಲು ಯಕೃತ್ತು ಪಿತ್ತಾಮ್ಲಗಳನ್ನು ತಯಾರಿಸಿ ಕರುಳಿಗೆ ಹರಿಸುತ್ತದೆ. ಮೇಲೆ ಹೇಳಿದ ಔಷಧಿಯೂ ಅಂತಹ ಒಂದು ಪಿತ್ತಾಮ್ಲ. ಕರಡಿಯ ಪಿತ್ತದಲ್ಲಿ ಮೊದಲು ಕಂಡುದರಿಂದ ಅದಕ್ಕೆ ಆ ಹೆಸರು. ಇದು ಪಿತ್ತರಸದ ಹರಿವನ್ನು ಸುಗಮಗೊಳಿಸುತ್ತದೆ. ಹೆಪಟೈಟಿಸ್ ‘ಬಿ’ ಮತ್ತು ‘ಸಿ’ ರೋಗಿಗಳ ಮೇಲೆ ನಡೆದ ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆಯು 2003ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ರಕ್ತಪರೀಕ್ಷೆಯ ಕೆಲವು ಅಂಕೆಗಳು ಇಳಿದುದು ನಿಜ. ವೈರಾಣು ಮಾತ್ರ ತೊಲಗಿರಲಿಲ್ಲ. ಚೀಟಿಯಲ್ಲಿನ ಅಂಕೆ ಇಳಿಯುವುದು ಬೇರೆ, ಮಗು ಗುಣವಾಗುವುದು ಬೇರೆ. ಕಾಮಾಲೆ ವಾರಗಟ್ಟಲೆ ಉಳಿದು ಮೈ ತುರಿಕೆ ಮಗುವಿನ ನಿದ್ರೆ ಕೆಡಿಸಿದರೆ ವೈದ್ಯರು ಇದನ್ನು ಕೊಡುವುದುಂಟು. ಪ್ರಮಾಣವನ್ನು ಮಗುವಿನ ತೂಕ ನೋಡಿ ಅವರೇ ನಿರ್ಧರಿಸತಕ್ಕದ್ದು.

ಔಷಧಿಗಿಂತ ಮುಖ್ಯವಾದುದು ನಿಮ್ಮ ಕಣ್ಣು. ಮಗು ಅತಿಯಾಗಿ ನಿದ್ರಿಸಿದರೆ, ಅಸಂಬದ್ಧವಾಗಿ ಮಾತನಾಡಿದರೆ ಅಥವಾ ಕಾರಣವಿಲ್ಲದೆ ಹಟ ಹಿಡಿದರೆ, ವಾಂತಿ ನಿಲ್ಲದಿದ್ದರೆ, ಮೂಗು ಒಸಡುಗಳಿಂದ ರಕ್ತ ಒಸರಿದರೆ, ಹೊಟ್ಟೆ ಉಬ್ಬಿದರೆ, ಒಂದು ಗಳಿಗೆಯನ್ನೂ ಕಳೆಯದೆ ಆಸ್ಪತ್ರೆಗೆ ಒಯ್ಯಿರಿ. ಯಕೃತ್ತು ಸೋಲುತ್ತಿರುವ ಇಂತಹ ಮಕ್ಕಳು ವಿರಳ. ಆದರೆ ಮದ್ದು ಕುಡಿಸುತ್ತಾ ಮನೆಯಲ್ಲಿ ಕಾಯ್ದ ಎರಡು ದಿನ ಅವರ ಪ್ರಾಣಕ್ಕೇ ಎರವಾಗಬಹುದು. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ ಗುಡ್ಡಗಾಡಿನ ಮನೆಗಳಿಂದ ದಾರಿ ದೂರ. ಮಳೆಗಾಲದಲ್ಲಿ ಇನ್ನೂ ದೂರ.

ಎರಡು ವಾರ ದಾಟಿದ ಎಳೆಯ ಶಿಶುವಿನ ಕಾಮಾಲೆ ಇಳಿಯದೆ ಮಲವು ಸುಣ್ಣದಂತೆ ಬಿಳಿಚಿದ್ದರೆ ಅದು ಬೇರೆಯೇ ರೋಗವಿರಬಹುದು. ಪಿತ್ತನಾಳ ಮುಚ್ಚಿದ್ದರೆ ಎರಡು ತಿಂಗಳು ತುಂಬುವುದರೊಳಗೆ ಶಸ್ತ್ರಚಿಕಿತ್ಸೆ ಆಗಬೇಕು. ಅಲ್ಲಿ ಮಾತ್ರೆಯನ್ನು ನಂಬಿ ಕೂರುವುದು ಘಾತುಕ.

ಕಾಮಾಲೆಯ ಮಗುವಿಗೆ ಉಪ್ಪು, ಎಣ್ಣೆ ಬಿಡಿಸಿ ಬರಿಯ ಗಂಜಿಯಲ್ಲೇ ಇಡುವ ಪಥ್ಯ ಅನಗತ್ಯ. ಅನ್ನ, ತಿಳಿಸಾರು, ಬಾಳೆಹಣ್ಣು, ಎಳನೀರು, ಮೊಸರು, ಅದು ಬಯಸಿದುದನ್ನು ಸ್ವಲ್ಪಸ್ವಲ್ಪವಾಗಿ ಹಲವು ಬಾರಿ ಕೊಡಿರಿ. ಮೊಲೆಹಾಲು ನಿಲ್ಲಿಸಕೂಡದು. ಜ್ವರಕ್ಕೆಂದು ಪ್ಯಾರಾಸಿಟಮಾಲ್‌ ಅನ್ನು ಮನಬಂದಂತೆ ಕೊಡಬೇಡಿರಿ. ಅದು ಅದೇ ಯಕೃತ್ತಿಗೆ ಹೊರೆ. ಬರೆ ಎಳೆಯುವುದರಿಂದ ಸುಟ್ಟ ಗಾಯವಲ್ಲದೆ ಮತ್ತೇನೂ ಉಳಿಯದು.

ಬಾವಿಯಿಂದಾಗಲಿ ಸುರಂಗದಿಂದಾಗಲಿ ಬಂದ ಕುಡಿಯುವ ನೀರನ್ನು ಗುಳ್ಳೆಯೇಳುವಂತೆ ಕುದಿಸಿ ಆರಿಸಿರಿ. ಮಗುವಿನ ಮಲವನ್ನು ಶೌಚಾಲಯದಲ್ಲೇ ಹಾಕಿ ಸೋಪಿನಿಂದ ಕೈ ತೊಳೆಯಿರಿ. ಕಣ್ಣು ಹಳದಿಯಾಗುವ ಎರಡು ವಾರ ಮೊದಲೇ ಮಲದಲ್ಲಿ ವೈರಾಣು ಇರುತ್ತದೆ. ಮನೆಯಲ್ಲಿ ಗರ್ಭಿಣಿಯಿದ್ದು ಅವಳಿಗೂ ಕಣ್ಣು ಹಳದಿಯಾದರೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ನೀರಿನಿಂದಲೇ ಹರಡುವ ಹೆಪಟೈಟಿಸ್ ‘ಇ’ ತುಂಬುಗರ್ಭಿಣಿಗೆ ಮಾರಕವಾಗಬಲ್ಲದು.