ಮನೆಯನ್ನು ಬದಲಿಸುವ ಮುನ್ನ

ಅಬುಧಾಬಿಯ ಖಾಲಿದಿಯಾದ ಸಹೋದರಿಗೆ,

ಶಾರ್ಜಾ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪ್ರವೇಶ ದೊರೆತ ಸಂತೋಷದ ನಡುವೆಯೇ, ಅಬುಧಾಬಿಯ ಸರ್ಕಾರಿ ಉದ್ಯೋಗದಲ್ಲಿರುವ ಪತಿಯು ನಿಮಗೋಸ್ಕರ ಶಾರ್ಜಾದಲ್ಲಿ ಸಂಸಾರ ಹೂಡಿ ಪ್ರತಿನಿತ್ಯವೂ ಕಚೇರಿಗೆ ಹೋಗಿಬರಲು ಸಿದ್ಧರಾಗಿರುವುದನ್ನು ಕಂಡು ನಿಮ್ಮ ಮನಸ್ಸು ಅಪರಾಧಭಾವದಿಂದ ಕುಗ್ಗಿದೆಯೆಂದು ಬರೆದಿದ್ದೀರಿ. ಕುಗ್ಗಬೇಕಾದ ಕಾರಣವಿಲ್ಲ, ವಿದ್ಯಾಕಾಂಕ್ಷೆಯು ದಾಂಪತ್ಯಕ್ಕೆ ಎಸಗಿದ ದ್ರೋಹವಲ್ಲ. ಆದರೆ ಅವರ ಔದಾರ್ಯವನ್ನು ಹಾಗೆಯೇ ಸ್ವೀಕರಿಸಬಾರದೆಂಬುದು ನನ್ನ ನಿಶ್ಚಿತಾಭಿಪ್ರಾಯ. ಒಂದು ದಿಕ್ಕಿಗೇ 150 ಕಿಲೋಮೀಟರಿಗೂ ಮಿಕ್ಕ ದಾರಿ, ಅದರಲ್ಲಿಯೂ ದುಬೈ–ಶಾರ್ಜಾ ನಡುವಣ ಸಂಜೆಯ ವಾಹನದಟ್ಟಣೆ, ಎಂತಹ ಅನುರಾಗವನ್ನಾದರೂ ಆಯಾಸದಿಂದ ಮೂಕವಾಗಿಸಬಲ್ಲದು. ಮೇಲಾಗಿ, ಅಬುಧಾಬಿ ಸರ್ಕಾರದ ನೌಕರರು ಆ ಎಮಿರೇಟಿನ ಹೊರಗೆ ವಾಸಿಸಿದರೆ ವಸತಿಭತ್ಯೆ ತಪ್ಪುವುದೆಂಬ ನಿರ್ಣಯವು 2012ರಲ್ಲಿಯೇ ಆಗಿದೆ. ಅದು ಇಂದು ಅವರಿಗೆ ಹೇಗೆ ಅನ್ವಯಿಸುವುದೆಂಬುದನ್ನು ಇಲಾಖೆಯಿಂದ ಲಿಖಿತವಾಗಿ ಪಡೆಯದೆ ಈಗಿನ ಬಾಡಿಗೆ ಕರಾರನ್ನು ಮುರಿಯಕೂಡದು.

ಶಾರ್ಜಾ ಸರ್ಕಾರವು 2022ರಿಂದ ಶುಕ್ರವಾರ, ಶನಿವಾರ, ಭಾನುವಾರಗಳನ್ನು ವಾರಾಂತ್ಯವಾಗಿ ಪಾಲಿಸುತ್ತಿದೆ. ನಿಮ್ಮ ವೇಳಾಪಟ್ಟಿಯೂ ಅದಕ್ಕೆ ಹೊಂದಿಕೊಂಡಿದ್ದಲ್ಲಿ, ನಾಲ್ಕು ದಿನ ವಿದ್ಯಾರ್ಥಿನಿಲಯದಲ್ಲಿದ್ದು ಗುರುವಾರ ಸಂಜೆ ಖಾಲಿದಿಯಾಕ್ಕೆ ಮರಳುವ ವ್ಯವಸ್ಥೆಯೇ ನನಗೆ ಶ್ರೇಯಸ್ಕರವಾಗಿ ತೋರುತ್ತದೆ. ಅಬುಧಾಬಿಯಲ್ಲಿ ಶುಕ್ರವಾರ ಅರ್ಧದಿನದ ಕೆಲಸವಾದ್ದರಿಂದ ಪತಿಯೂ ಮಧ್ಯಾಹ್ನಕ್ಕೆ ಮನೆ ಸೇರುವರು. ಮೊದಲ ಸೆಮಿಸ್ಟರನ್ನು ಹೀಗೆ ಕಳೆದು, ಅನಂತರ ಇಬ್ಬರೂ ಸೇರಿ ಮರುವಿಚಾರ ಮಾಡಬಹುದು. ಊರಿನ ಬಂಧುಗಳು ಈ ತಾತ್ಕಾಲಿಕ ಅಗಲಿಕೆಯನ್ನು ಕುರಿತು ಏನಾದರೂ ಆಡಿಯಾರು; ಅದಕ್ಕೆ ಕಿವಿಗೊಡಬೇಡಿರಿ. ಈ ವಾರವೇ ಪತಿಯೊಡನೆ ಕುಳಿತು ಮನಬಿಚ್ಚಿ ಮಾತನಾಡಿರಿ, ಪ್ರವೇಶವನ್ನು ಮಾತ್ರ ಯಾವ ಕಾರಣಕ್ಕೂ ನಿರಾಕರಿಸಬೇಡಿರಿ.