ಸಂಶೋಧನೆಗೆ ಇಳಿಯುವವರಿಗೊಂದು ಕಿವಿಮಾತು

ಸಂಶೋಧನಾ ಬರವಣಿಗೆಯಲ್ಲಿ ಮೊದಲು ರೂಢಿಯಾಗಬೇಕಾದದ್ದು ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆ ಬರೆದಿಡುವ ಅಭ್ಯಾಸ. ತುರ್ವಿಹಾಳ ಭಾಗದ ವಿದ್ಯಾರ್ಥಿಗಳಿಗೆ ಇದನ್ನು ಕಲಿಯಲು ಹತ್ತಿರದ ಮಸ್ಕಿಯ ಶಾಸನಕ್ಕಿಂತ ಒಳ್ಳೆಯ ಪಾಠವಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ಶಾಸನಗಳಲ್ಲಿ ಸಿಕ್ಕಿದ್ದು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಒಬ್ಬ ರಾಜನ ಬಿರುದುಗಳಷ್ಟೇ. ಆ ರಾಜ ಅಶೋಕನೇ ಎಂದು ಜಾರ್ಜ್ ಟರ್ನರ್ ಸಿಂಹಳದ ಪಾಲಿ ಗ್ರಂಥಗಳ ಆಧಾರದಿಂದ ಹೇಳಿದ. ಮಾತು ಸರಿಯೇ ಇತ್ತು. ಆದರೆ ಶಾಸನದೊಳಗಿನ ಪುರಾವೆಗೆ 1915ರವರೆಗೆ ಕಾಯಬೇಕಾಯಿತು. ಆ ವರ್ಷ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯಲ್ಲಿ ಗುರುತಿಸಿದ ಬಂಡೆಶಾಸನದಲ್ಲಿ ಅಶೋಕನ ಹೆಸರೇ ಇತ್ತು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿ ಪ್ರಕಟಿಸಿದರು.

ಮಸ್ಕಿಯ ಬಗ್ಗೆ ಬರೆಯುವವರು ಗೈಡ್ ಪುಸ್ತಕದ ಸಾಲುಗಳನ್ನು ಎತ್ತಿಕೊಳ್ಳದೆ, ಸಂಪಾದಿತ ಪಾಠವನ್ನು ಕೈಯಲ್ಲಿ ಹಿಡಿದು ಬಂಡೆಯ ಮುಂದೆ ನಿಲ್ಲಬೇಕು. ಸವೆದ, ಅನುಮಾನದ ಅಕ್ಷರಗಳನ್ನು ಸಂಪಾದಕರು ಚೌಕ ಕಂಸದೊಳಗೆ ಕೊಡುತ್ತಾರೆ. ಆ ಕಂಸವನ್ನು ಬಿಟ್ಟು ನಕಲು ಮಾಡಿದರೆ ಊಹೆಯೇ ಸತ್ಯವಾಗಿ ಮುಂದಿನವರ ಕೈಸೇರುತ್ತದೆ. ಅಶೋಕನ ಹೆಸರಿರುವುದು ಮಸ್ಕಿಯೊಂದರಲ್ಲೇ ಎಂಬ ಮಾತೂ ಇನ್ನೂ ಪ್ರಬಂಧಗಳಲ್ಲಿ ಓಡಾಡುತ್ತಿದೆ. ಗುಜರ್ರಾ, ನಿಟ್ಟೂರು, ಉಡೇಗೋಳದ ಶಾಸನಗಳು ಸಿಕ್ಕ ಮೇಲೆ ಆ ಮಾತು ನಿಲ್ಲುವುದಿಲ್ಲ. ಆದ್ದರಿಂದ ಹಳೆಯ ಪುಸ್ತಕವನ್ನು ಉಲ್ಲೇಖಿಸುವ ಮುನ್ನ ಅದು ಅಚ್ಚಾದ ವರ್ಷವನ್ನು ನೋಡಿಕೊಳ್ಳಬೇಕು.