ಹೊಳೆದಂಡೆಯ ಮನೆ: ನೆರೆಗೆ ಮುನ್ನ ಮತ್ತು ನೆರೆ ಇಳಿದ ಬಳಿಕ

2009ನೆಯ ಇಸವಿಯ ಅಕ್ಟೋಬರ್ ಮೊದಲಿನಲ್ಲಿಯೂ, ತಿರುಗಿ 2019ರ ಆಗಸ್ಟ್ ತಿಂಗಳಿನಲ್ಲಿಯೂ ನಮ್ಮ ಉತ್ತರ ಕರ್ನಾಟಕದ ನದಿಗಳು ದಂಡೆ ಮೀರಿ ಹರಿದುದನ್ನು ನೀವು ಬಲ್ಲಿರಿ. ಮಲಪ್ರಭಾ, ಘಟಪ್ರಭಾ, ಕೃಷ್ಣಾ ತೀರದ ಗ್ರಾಮಗಳಲ್ಲಿ ಸಹಸ್ರಾರು ಮನೆಗಳು ನೆಲಕ್ಕೊರಗಿದವು. ವೈದ್ಯನಾದವನು ಮನೆಯ ಗೋಡೆಯ ವಿಷಯವನ್ನು ಏಕೆ ಬರೆಯುತ್ತಿದ್ದಾನೆಂದು ನೀವು ಕೇಳಬಹುದು. ನೆರೆಯ ದಿನಗಳಲ್ಲಿ ಆಸ್ಪತ್ರೆಗೆ ಬರತಕ್ಕವರಲ್ಲಿ ಗೋಡೆ ಬಿದ್ದು ಗಾಯಗೊಂಡವರು, ಹಾವು ಕಚ್ಚಿದವರು, ಕೆಟ್ಟ ನೀರು ಕುಡಿದು ವಾಂತಿಭೇದಿಗೊಳಗಾದವರು ಇರುತ್ತಾರೆ. ಇವರಲ್ಲಿ ಹಲವರ ಕಷ್ಟವು ಮನೆಯಲ್ಲಿಯೇ ಮೊದಲಾಗಿರುತ್ತದೆ. ಮುಂಚಿತವಾಗಿ ಯೋಚಿಸಿದ್ದರೆ ಅದನ್ನು ತಪ್ಪಿಸಬಹುದಾಗಿತ್ತು.

“ನಮ್ಮೂರಲ್ಲಿ ಮಳೆಯೇ ಇಲ್ಲ, ಹೊಳೆ ಎಲ್ಲಿಂದ ಬರಬೇಕು?” ಎಂಬ ಮಾತನ್ನು ನಂಬಬಾರದು. ನಿಮ್ಮ ಹೊಲದಲ್ಲಿ ಬಿಸಿಲಿದ್ದರೂ ಸಹ್ಯಾದ್ರಿಯಲ್ಲಿ ಮಳೆ ಸುರಿದು ನವಿಲುತೀರ್ಥ ಅಥವಾ ಹಿಡಕಲ್ ಜಲಾಶಯ ತುಂಬಿದರೆ ಹೆಚ್ಚಿನ ನೀರನ್ನು ಹೊಳೆಗೆ ಬಿಡಲೇಬೇಕಾಗುತ್ತದೆ. ಆದುದರಿಂದ ಡಂಗುರ ಸಾರಿದೊಡನೆ ಹೊರಡತಕ್ಕದ್ದು.

ಇನ್ನು ಮನೆಯ ಮಾತು. ಮೃಗಶಿರಾ ಮಳೆ ಹಿಡಿಯುವುದಕ್ಕೆ ಮುನ್ನವೇ ಮಾಳಿಗೆಯ ಮೇಲ್ಮುದ್ದೆಯ ಬಿರುಕುಗಳನ್ನು ಮುಚ್ಚಿ, ನೀರು ಹೊರಬೀಳುವ ಕೊಳವೆಗಳಲ್ಲಿಯ ಕಸ ತೆಗೆಯಬೇಕು. ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಹೊರಗಡೆಗೆ ಇಳಿಜಾರು ಮಾಡಬೇಕು. ಹೊಸದಾಗಿ ಕಟ್ಟುವವರು 2009ರಲ್ಲಿಯೂ 2019ರಲ್ಲಿಯೂ ತಮ್ಮ ಊರಿನಲ್ಲಿ ನೀರು ಎಲ್ಲಿಯವರೆಗೆ ಏರಿತ್ತೆಂಬುದನ್ನು ಹಿರಿಯರಿಂದ ತಿಳಿದು, ಸಾಧ್ಯವಾದರೆ ಅದಕ್ಕಿಂತ ಎತ್ತರದ ಜಾಗವನ್ನೇ ಆರಿಸಿಕೊಳ್ಳಲಿ. ವಿದ್ಯುತ್ ಮೀಟರಿನ ಹಲಗೆಯನ್ನೂ ಆ ಗುರುತಿನ ಮೇಲಕ್ಕೆ ಏರಿಸಲು ಅರ್ಜಿ ಕೊಡುವುದು ಲೇಸು.

ಬಾಗಿಲಿಗೆ ಮರಳಿನ ಚೀಲಗಳನ್ನಿಡುವುದು ಒಳ್ಳೆಯ ಉಪಾಯವೇ, ಆದರೆ ಎಲ್ಲ ಕಡೆಗೂ ಅಲ್ಲ. ಕಲ್ಲಿನ ತಳಪಾಯದ ಕಿರಾಣಿ ಅಂಗಡಿಗೋ ಹಿಟ್ಟಿನ ಗಿರಣಿಗೋ ಒಂದೆರಡು ಗೇಣು ನೀರು ಬರುವಲ್ಲಿ ಅವು ಪ್ರಯೋಜನಕ್ಕೆ ಬರುತ್ತವೆ. ಚೀಲವನ್ನು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬಿ, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಇಟ್ಟಿಗೆಯಂತೆ ಸಂದು ತಪ್ಪಿಸಿ ಜೋಡಿಸಬೇಕು. ಗಿರಣಿಯ ಮೋಟಾರನ್ನು ಬಿಚ್ಚಿ ಎತ್ತರಕ್ಕೊಯ್ಯಬೇಕು. ಉದ್ದರಿಯ ಲೆಕ್ಕದ ಪುಸ್ತಕವನ್ನೂ ಮರೆಯಬಾರದು. ಮಣ್ಣಿನ ಮನೆಗಾದರೋ ಈ ಚೀಲಗಳು ಆಸರೆಯಲ್ಲ. ಬಾಗಿಲಲ್ಲಿ ನೀರನ್ನು ತಡೆದರೂ ಗೋಡೆ ಹೊರಗಿನಿಂದ ನೆನೆಯುತ್ತಲೇ ಇರುತ್ತದೆ. ಅಂಥ ಮನೆಯನ್ನು ಕಾಯುತ್ತ ಒಳಗೆ ಕುಳಿತಿರುವುದು ಅವಿವೇಕ.

ಒಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. ನಾನು ಕೆಲಸ ಮಾಡುತ್ತಿದ್ದ ಪರಿಹಾರ ಕೇಂದ್ರಕ್ಕೆ ಒಂದು ರಾತ್ರಿ ದಿನ ತುಂಬಿದ ಗರ್ಭಿಣಿಯೊಬ್ಬಳನ್ನು ಟ್ರ್ಯಾಕ್ಟರಿನಲ್ಲಿ ತಂದರು. ಬೆಳಿಗ್ಗೆಯೇ ಡಂಗುರವಾಗಿತ್ತು. ಜೋಳದ ಚೀಲಗಳನ್ನು ಅಟ್ಟಕ್ಕೇರಿಸಿ ಹೊರಟರಾಯಿತೆಂದು ಪತಿ ತಡೆದ, ಅತ್ತೆಯೂ ತಡೆದಳು. ಅಷ್ಟರಲ್ಲಿ ದಾರಿಯ ಹಳ್ಳ ತುಂಬಿತು. ಹೆರಿಗೆ ಟ್ರ್ಯಾಕ್ಟರಿನಲ್ಲಿಯೇ ಮಳೆಯಲ್ಲಿ ಆಗಿತ್ತು. ತಾಯಿ ಉಳಿದಳು, ಕೂಸು ತಣ್ಣಗಾಗಿತ್ತು. ಆ ಪತಿ ಕೆಟ್ಟವನಲ್ಲ. ಯಾವುದನ್ನು ಮೊದಲು ಮಾಡಬೇಕೆಂದು ಅವರಿಬ್ಬರೂ ಎಂದೂ ಕುಳಿತು ಮಾತಾಡಿರಲಿಲ್ಲ, ಅಷ್ಟೆ.

ಆದುದರಿಂದ ಪತಿಪತ್ನಿಯರು ಮಳೆಗಾಲಕ್ಕೆ ಮುನ್ನ ಒಂದು ಸಂಜೆ ಕುಳಿತು ಕೆಲಸವನ್ನು ಹಂಚಿಕೊಳ್ಳಬೇಕು. ಎಂಟನೆಯ ತಿಂಗಳು ದಾಟಿದ ಗರ್ಭಿಣಿಯನ್ನು ಹೊಳೆ ಏರುವ ಸೂಚನೆಯಿರುವಾಗಲೇ ಆಸ್ಪತ್ರೆಗೆ ಸಮೀಪದ ನೆಂಟರ ಮನೆಗೆ ಕಳುಹಿಸುವುದು ಉತ್ತಮ. ತಾಯಿ ಕಾರ್ಡು, ಪಡಿತರ ಚೀಟಿ, ಆಧಾರ್, ಪಹಣಿ, ಬ್ಯಾಂಕಿನ ಪಾಸ್‌ಬುಕ್, ದಿನವೂ ನುಂಗುವ ಮಾತ್ರೆಗಳು, ಇವೆಲ್ಲವೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿರಲಿ. ಮಾಲಾ ಮಾತ್ರೆ ತೆಗೆದುಕೊಳ್ಳುವ ಗೃಹಿಣಿ ಅದನ್ನೂ ಅದರಲ್ಲಿಯೇ ಇಡತಕ್ಕದ್ದು. ನೆರೆಯ ಗಲಿಬಿಲಿಯಲ್ಲಿ ಮಾತ್ರೆ ತಪ್ಪುವುದು ಸುಲಭ. ಹೊರಡುವಾಗ ವಿದ್ಯುತ್ತಿನ ಮೇನ್ ಸ್ವಿಚ್ ಆರಿಸಿ, ಅಡಿಗೆ ಅನಿಲದ ರೆಗ್ಯುಲೇಟರ್ ಮುಚ್ಚಿ, ಒಯ್ಯಲಾಗದ ದನಗಳ ಕಣ್ಣಿಯನ್ನು ಬಿಚ್ಚಿಬಿಡಬೇಕು. ಕಟ್ಟಿದ ದನ ನಿಂತಲ್ಲಿಯೇ ಮುಳುಗುತ್ತದೆ. ಕೀಟನಾಶಕದ ಶೀಸೆಗಳನ್ನು ನೆಲದ ಮೇಲೆ ಬಿಡಬಾರದು, ಎತ್ತರದಲ್ಲಿ ಭದ್ರವಾಗಿಡಬೇಕು. ಅವು ಒಡೆದರೆ ಆ ನೀರು ಬಾವಿಗೂ ಸೇರಬಹುದು.

ನೀರು ಇಳಿಯಿತೆಂದು ಕೂಡಲೇ ಒಳಹೋಗಬಾರದು. ನೆನೆದ ಮಣ್ಣಿನ ಗೋಡೆ ನೀರಿರುವಾಗ ನಿಂತಿದ್ದು, ಅದು ಇಳಿದ ಬಳಿಕ ಕುಸಿಯುವುದುಂಟು. ಮೊದಲು ಹೊರಗಿನಿಂದ ಸುತ್ತಿ ನೋಡಿ. ಗೋಡೆ ಉಬ್ಬಿದ್ದರೆ, ತೊಲೆ ಸರಿದಿದ್ದರೆ, ಬಾಗಿಲು ಬಿಗಿದು ತೆರೆಯದಿದ್ದರೆ ಆ ರಾತ್ರಿ ಅಲ್ಲಿ ಮಲಗಕೂಡದು. ಒಳಗೆ ಕಾಲಿಡುವ ಮುನ್ನ ಕೋಲಿನಿಂದ ತಡವಿ ನೋಡಿರಿ, ಹಾವು ಒಣ ಮೂಲೆಯನ್ನೇ ಹುಡುಕಿ ಬಂದಿರುತ್ತದೆ. ಕಚ್ಚಿದರೆ ಕಟ್ಟು ಬಿಗಿಯುವುದಾಗಲೀ ಕೊಯ್ಯುವುದಾಗಲೀ ಬೇಡ. ಕಚ್ಚಿದ ಅಂಗವನ್ನು ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಿರಿ, 108ಕ್ಕೆ ಕರೆಮಾಡಿರಿ. ಕಾಲಿನಲ್ಲಿ ಗಾಯವಿದ್ದವರು ಕೆಸರು ತುಳಿದರೆ ಇಲಿಜ್ವರ ತಗಲುವ ಭಯವಿದೆ.

ಹಗೇವು ಇರುವ ಮನೆಯವರು ವಿಶೇಷ ಎಚ್ಚರ ವಹಿಸಬೇಕು. ನೀರು ಹೊಕ್ಕ ಹಗೇವಿನಲ್ಲಿ ಕಾಳು ಕೊಳೆತು ವಿಷಗಾಳಿ ತುಂಬುತ್ತದೆ. ಅದರೊಳಗೆ ಇಳಿದವನು ಕೂಗುವುದಕ್ಕೂ ಅವಕಾಶವಿಲ್ಲದೆ ಬೀಳುತ್ತಾನೆ. ಅವನನ್ನೆತ್ತಲು ಇಳಿದ ತಮ್ಮನೂ ಬೀಳುತ್ತಾನೆ. ಬಾಯಿ ತೆರೆದಿಟ್ಟು, ಮೇಲಿನಿಂದಲೇ ತೆಗೆಯುವಷ್ಟನ್ನು ತೆಗೆಯಿರಿ, ಒಳಗಿಳಿಯುವ ಸಾಹಸ ಬೇಡ. ಕೊಳೆತ ಕಾಳನ್ನು ತೊಳೆದು ಒಣಗಿಸಿ ಬಳಸುವುದೂ ಬೇಡ.

ನೆರೆ ಹೊಕ್ಕ ಬಾವಿಯ ನೀರನ್ನು ಎತ್ತಿ ಹೊರಹಾಕಿ, ಹೊಸ ಊಟೆ ಬಂದ ಮೇಲೆ ಆರೋಗ್ಯ ಕಾರ್ಯಕರ್ತರಿಂದ ಬ್ಲೀಚಿಂಗ್ ಪುಡಿ ಹಾಕಿಸಬೇಕು. ಅಲ್ಲಿಯವರೆಗೆ ಚೆನ್ನಾಗಿ ಕುದಿಸಿದ ನೀರನ್ನೇ ಕುಡಿಯಿರಿ. ಮಗುವಿಗೆ ಭೇದಿಯಾದರೆ ಎದೆಹಾಲು ನಿಲ್ಲಿಸದೆ, ಪೊಟ್ಟಣದ ಮೇಲೆ ಬರೆದಷ್ಟು ನೀರಿನಲ್ಲಿ ಓ.ಆರ್.ಎಸ್. ಪುಡಿಯನ್ನು ಕರಗಿಸಿ ಗುಟುಕು ಗುಟುಕಾಗಿ ಕುಡಿಸಿರಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮಚಮಚ ಸಕ್ಕರೆಯನ್ನೂ ಅರ್ಧ ಸಮಚಮಚ ಉಪ್ಪನ್ನೂ ಬೆರೆಸಬೇಕು. ಅಳತೆಗೆ ಚಹದ ಚಮಚವನ್ನೇ ಬಳಸಿರಿ. ಪೊಟ್ಟಣಗಳು ಆಶಾ ಕಾರ್ಯಕರ್ತೆಯ ಬಳಿ ದೊರೆಯುತ್ತವೆ, ಮಳೆಗಾಲ ಹಿಡಿಯುವ ಮೊದಲೇ ಎರಡನ್ನು ಕೇಳಿ ತಂದು ಆ ಪ್ಲಾಸ್ಟಿಕ್ ಚೀಲದಲ್ಲಿಯೇ ಇಟ್ಟುಕೊಳ್ಳಿರಿ.